ತಂದುಕೊಟ್ಟವರು ಯಾರು?

2023ರ ಜನವರಿಯಲ್ಲಿ ರಾಜ್ಯ ಸರ್ಕಾರ ಒಂದು ಕರಡು ಅಧಿಸೂಚನೆ ಹೊರಡಿಸಿತು. ಮದ್ಯ ಕೊಳ್ಳುವ ಕನಿಷ್ಠ ವಯಸ್ಸನ್ನು 21ರಿಂದ 18ಕ್ಕೆ ಇಳಿಸಬೇಕೆಂಬುದು ಅದರ ಸಾರ. ಕೊಟ್ಟ ಕಾರಣ ತಾಂತ್ರಿಕವಾದದ್ದು. 1965ರ ಕರ್ನಾಟಕ ಅಬಕಾರಿ ಕಾಯ್ದೆ 18 ವರ್ಷ ಅನ್ನುತ್ತದೆ, ಅದೇ ಕಾಯ್ದೆಯಡಿ 1967ರಲ್ಲಿ ಮಾಡಿದ ಪರವಾನಗಿ ನಿಯಮಗಳು 21 ಅನ್ನುತ್ತವೆ, ಎರಡನ್ನೂ ಸರಿಹೊಂದಿಸುತ್ತೇವೆ ಎಂದರು. ಆಕ್ಷೇಪಣೆ ಸಲ್ಲಿಸಲು 30 ದಿನ ಕೊಟ್ಟಿದ್ದರು. ಅಷ್ಟು ದಿನ ಬೇಕಾಗಲಿಲ್ಲ. ವಿರೋಧ ಎಷ್ಟು ಜೋರಾಯಿತೆಂದರೆ ಗಡುವು ಮುಗಿಯುವ ಮೊದಲೇ ಪ್ರಸ್ತಾವ ವಾಪಸಾಯಿತು.

ಆ ಗದ್ದಲದಲ್ಲಿ ಪರ ನಿಂತವರೂ ವಿರೋಧಿಸಿದವರೂ ಒಂದು ಮಾತನ್ನು ಚರ್ಚೆಯಿಲ್ಲದೆ ಒಪ್ಪಿಕೊಂಡಿದ್ದರು: ಹುಡುಗರಿಗೆ ಮದ್ಯ ಸಿಗುವುದು ಅಂಗಡಿಯಲ್ಲಿ, ಆದ್ದರಿಂದ ಗೆರೆ ಎಳೆಯಬೇಕಾದದ್ದು ಅಂಗಡಿಯ ಕೌಂಟರಿನಲ್ಲಿ. ಆದರೆ ಎಸ್ಸೆಸ್ಸೆಲ್ಸಿ ಓದುವ ಹುಡುಗನಿಗೆ ಗೆರೆ 18 ಆದರೇನು, 21 ಆದರೇನು? ಅವನು ಎರಡಕ್ಕೂ ದೂರ. ಆದರೂ ಅವನ ಕೈಗೆ ಬಂದು ಸೇರುತ್ತದೆ. ಆ ಅಧಿಸೂಚನೆಗೂ ಎರಡು ತಿಂಗಳ ಹಿಂದೆ, 2022ರ ನವೆಂಬರಿನಲ್ಲಿ, ಬೆಂಗಳೂರಿನ ಕೆಲವು ಖಾಸಗಿ ಶಾಲೆಗಳಲ್ಲಿ ಮಕ್ಕಳ ಬ್ಯಾಗು ತಪಾಸಣೆ ಮಾಡಿದಾಗ ನೀರಿನ ಬಾಟಲಿಯಲ್ಲಿ ಮದ್ಯ ಸಿಕ್ಕಿತೆಂಬ ಸುದ್ದಿ ದೇಶವೆಲ್ಲ ಓಡಾಡಿತು. ಮಕ್ಕಳು ಕೆಟ್ಟರು ಎಂದು ಎಲ್ಲರೂ ಹೇಳಿದರು. ಆ ಬಾಟಲಿಗೆ ಸುರಿದದ್ದು ಯಾರ ಮನೆಯ ಕಪಾಟಿನದು, ಯಾರು ಕೊಂಡು ತಂದದ್ದು ಎಂದು ಕೇಳಿದವರು ಕಡಿಮೆ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ದೆಹಲಿಯ ಏಮ್ಸ್ ಮೂಲಕ ಮಾಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10ರಿಂದ 17 ವರ್ಷದೊಳಗಿನ ಮಕ್ಕಳಲ್ಲಿ ಮದ್ಯ ಕುಡಿಯುವವರು ಶೇ 1.3. ಕೇಳುವುದಕ್ಕೆ ಸಣ್ಣ ಅಂಕಿ. ತಲೆ ಎಣಿಸಿದರೆ ಸುಮಾರು 30 ಲಕ್ಷ. ಈ 30 ಲಕ್ಷದಲ್ಲಿ ಒಬ್ಬರಿಗೂ ಕಾನೂನುಬದ್ಧವಾಗಿ ಒಂದು ಬಾಟಲಿ ಕೊಳ್ಳುವ ಹಕ್ಕು ದೇಶದ ಯಾವ ರಾಜ್ಯದಲ್ಲೂ ಇಲ್ಲ. ಹಾಗಿದ್ದ ಮೇಲೆ ಪ್ರತಿಯೊಬ್ಬರ ಹಿಂದೆಯೂ ಒಬ್ಬ ತಂದುಕೊಟ್ಟವನೋ, ವಯಸ್ಸು ಕೇಳದೆ ಮಾರಿದವನೋ, ಕಂಡೂ ಕಾಣದಂತೆ ಇದ್ದವನೋ ಇರಲೇಬೇಕು.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನೇ ತೆಗೆದುಕೊಳ್ಳಿ. ಚನ್ನಗಿರಿಯದು ಅಡಿಕೆಯ ದುಡ್ಡು. ಕೊಯ್ಲಿನ ಕಾಲದಲ್ಲಿ ಖೇಣಿದಾರರ ಕಡೆ ಕೊನೆ ಇಳಿಸುವುದಕ್ಕೂ ಕಾಯಿ ಹೊರುವುದಕ್ಕೂ ಹೋಗುವ ಹುಡುಗರ ಕೈಯಲ್ಲಿ ದಿನದ ಕೂಲಿ ನಗದಾಗಿ ಆಡುತ್ತದೆ. ಹೊನ್ನಾಳಿಯದು ತುಂಗಭದ್ರೆಯ ದಂಡೆ, ನಾಲೆ ನೀರಿನ ಭತ್ತ. ಹೊನ್ನಾಳಿಯಿಂದಲೇ ಬೇರ್ಪಟ್ಟ ನ್ಯಾಮತಿಯಲ್ಲಿ ಮೆಕ್ಕೆಜೋಳ, ಅಡಿಕೆ ಎರಡೂ ಉಂಟು. ಜಗಳೂರು ಮಾತ್ರ ಬೇರೆಯದೇ ಲೋಕ. ಬರದ ಸೀಮೆ, ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಕಾಫಿ ಸೀಮೆಗೋ ಬೆಂಗಳೂರಿಗೋ ಗುಳೆ ಹೋಗುವವರು, ಅಜ್ಜಿಯ ಹತ್ತಿರ ಬಿಟ್ಟು ಹೋದ ಮಕ್ಕಳು. ಹಣ ಬರುವ ದಾರಿ ಒಂದೊಂದು ಕಡೆ ಒಂದೊಂದು. ಹುಡುಗರ ಕೈಗೆ ಪ್ಯಾಕೆಟ್ ಬರುವ ದಾರಿ ಮಾತ್ರ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ.

ಆ ದಾರಿ ಗುಟ್ಟಿನದೇನಲ್ಲ. ಕತ್ತಲಾಗುವ ಹೊತ್ತಿಗೆ ಹೋಬಳಿ ಊರಿನ ಯಾವುದಾದರೂ ವೈನ್ ಶಾಪಿನ ಎದುರು ಟೀ ಅಂಗಡಿಯಲ್ಲಿ ಕೂತರೆ ಕಾಣುತ್ತದೆ. ಮೂರು ಹುಡುಗರು ಬೈಕು ನಿಲ್ಲಿಸಿ ದೂರದಲ್ಲೇ ನಿಲ್ಲುತ್ತಾರೆ. ಮೀಸೆ ಇನ್ನೂ ಸರಿಯಾಗಿ ಮೂಡಿಲ್ಲ. ಅಂಗಡಿ ಕಡೆ ನಡೆಯುತ್ತಿರುವ ನಲವತ್ತರ ಆಸಾಮಿಯೊಬ್ಬನನ್ನು ಒಬ್ಬ ಹುಡುಗ ಮಾತಾಡಿಸುತ್ತಾನೆ: "ಅಣ್ಣಾ, ನಮ್ದೂ ಎರಡು ತಗಂಡ್ ಬಾರಣ್ಣ." ದುಡ್ಡು ಕೈ ಬದಲಾಗುತ್ತದೆ. ಚಿಲ್ಲರೆ ವಾಪಸ್ ಕೇಳುವಂತಿಲ್ಲ, ಅದು ಅಣ್ಣನ ಮಾಮೂಲು. ಕೆಲವು ಕಡೆ ಒಂದು ನೈಂಟಿಯೇ ಮಾಮೂಲು. ಐದು ನಿಮಿಷದಲ್ಲಿ ಟೆಟ್ರಾ ಪ್ಯಾಕು, ಪ್ಲಾಸ್ಟಿಕ್ ಲೋಟ, ನೀರಿನ ಪಾಕೀಟು, ಖಾರದ ಶೇಂಗಾ ಎಲ್ಲ ಬೈಕಿನ ಟ್ಯಾಂಕ್ ಕವರಿಗೆ ಸೇರುತ್ತವೆ. ಅಲ್ಲಿಂದ ನಾಲೆ ಏರಿ, ಇಲ್ಲವೇ ತೋಟದ ಬದು, ಅದೂ ಇಲ್ಲದಿದ್ದರೆ ಸರ್ಕಾರಿ ಶಾಲೆಯ ಜಗಲಿ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಆ ಖಾಲಿ ಪ್ಯಾಕೆಟುಗಳನ್ನು ಆರಿಸಿ ಹಾಕುವವರು ಅದೇ ಶಾಲೆಯ ಮಕ್ಕಳು.

ಇದರಲ್ಲಿ ಕೌಂಟರಿನಲ್ಲಿ ಕೂತವನ ತಪ್ಪು ಯಾವುದು? ಅವನು ನಲವತ್ತು ದಾಟಿದವನಿಗೆ ಮಾರಿದ್ದಾನೆ. ಸಿಎಲ್-2 ಪರವಾನಗಿಯ ಅಂಗಡಿ, ಮೊಹರಿದ್ದ ಸರಕು, ನಿಯಮದಂತೆ ಶಾಲೆ-ದೇವಸ್ಥಾನದಿಂದ 100 ಮೀಟರ್ ದೂರ. ಎಲ್ಲ ಸರಿಯಾಗಿಯೇ ಇದೆ. ಕಾನೂನು ಮುರಿದದ್ದು ಕೌಂಟರಿನಿಂದ ಐವತ್ತು ಹೆಜ್ಜೆ ಆಚೆ, ಬೈಕಿನ ಪಕ್ಕದಲ್ಲಿ.

ಮುರಿದ ಕಾನೂನೂ ಸಣ್ಣದಲ್ಲ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಹೇಳುವುದು ಸ್ಪಷ್ಟವಾಗಿದೆ: ವೈದ್ಯರ ಸೂಚನೆಯ ಹೊರತು 18 ತುಂಬದವರಿಗೆ ಯಾರೇ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟರೂ, ಕೊಡಿಸಿದರೂ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಮಾರಿದರೆ ಎಂದಲ್ಲ, ಕೊಟ್ಟರೆ. ಅಪ್ಪನಿಗೂ ವಿನಾಯಿತಿ ಇಲ್ಲ, ಸೋದರಮಾವನಿಗೂ ಇಲ್ಲ. ಮುಂದಿನ 78ನೇ ಕಲಂ ಮದ್ಯ ತರುವುದಕ್ಕೆ, ಸಾಗಿಸುವುದಕ್ಕೆ, ಮಾರುವುದಕ್ಕೆ ಮಗುವನ್ನು ಬಳಸಿದವರಿಗೂ ಅಷ್ಟೇ ಶಿಕ್ಷೆ ಇಡುತ್ತದೆ. "ಲೇ ತಮ್ಮಾ, ಅಂಗಡಿಗೆ ಹೋಗಿ ಒಂದು ಕ್ವಾರ್ಟರ್ ಇಸ್ಕಂಡು ಬಾ" ಎಂದು ಮಗನ ಕೈಗೆ ದುಡ್ಡು ಕೊಡುವ ಅಪ್ಪ ಈ ಎರಡನೆಯ ಕಲಮಿನ ಅಂಚಿಗೆ ಬಂದು ನಿಂತಿರುತ್ತಾನೆ. ಇಂಗ್ಲೆಂಡಿನಲ್ಲಿ ಐದು ವರ್ಷ ದಾಟಿದ ಮಗುವಿಗೆ ಮನೆಯೊಳಗೆ ಮದ್ಯ ಕೊಟ್ಟರೆ ಕಾನೂನು ಅಡ್ಡ ಬರುವುದಿಲ್ಲ. ಕಾಗದದ ಮೇಲೆ ನೋಡಿದರೆ ನಮ್ಮದು ಅದಕ್ಕಿಂತ ಬಹಳ ಬಿಗಿಯಾದ ದೇಶ.

ಕಾಗದದಾಚೆ ಏನು? ಬಾಲನ್ಯಾಯ ಕಾಯ್ದೆಗೆ 2021ರಲ್ಲಿ ಸಂಸತ್ತು ತಂದ ತಿದ್ದುಪಡಿ, ಮೂರರಿಂದ ಏಳು ವರ್ಷದ ಶಿಕ್ಷೆಯ ಅಪರಾಧಗಳನ್ನು ಅಸಂಜ್ಞೇಯ ಎಂದು ಬದಲಿಸಿತು. ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತಾವಾಗಿ ತನಿಖೆ ಶುರು ಮಾಡುವಂತಿಲ್ಲ. ಮಕ್ಕಳಿಗೆ ಮದ್ಯ ಕೊಡುವ ಅಪರಾಧವೂ ಆ ಗುಂಪಿಗೆ ಬೀಳುತ್ತದೆ ಎಂದು ಹಲವು ರಾಜ್ಯಗಳ ಮಕ್ಕಳ ಹಕ್ಕು ಆಯೋಗಗಳು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವು. ಒಂದು ಕಡೆ ಏಳು ವರ್ಷದ ಗುಡುಗು, ಇನ್ನೊಂದು ಕಡೆ ಠಾಣೆಯ ಮೆಟ್ಟಿಲಲ್ಲೇ ತಡೆ.

ತಡೆ ಇಲ್ಲದಿದ್ದರೂ ದೂರು ಕೊಡುವವರಾರು ಎಂಬುದು ನಿಜವಾದ ಕಗ್ಗಂಟು. ಕೊಟ್ಟವನು ಗುರುತಿಲ್ಲದ ದಲ್ಲಾಳಿಯಾಗಿದ್ದರೆ ಊರೇ ಎದ್ದು ನಿಲ್ಲುತ್ತಿತ್ತು. ಕೊಟ್ಟವನು ಮಾವ. ಮದುವೆಯ ಹಿಂದಿನ ರಾತ್ರಿ ಛತ್ರದ ಹಿಂಭಾಗದಲ್ಲಿ, ಮಾರಿಹಬ್ಬದ ಬಾಡೂಟದ ದಿನ ತೋಟದ ಮನೆಯಲ್ಲಿ, ಮೀಸೆ ಚಿಗುರಿದ ಅಳಿಯನಿಗೆ ಲೋಟ ಚಾಚಿ "ಕುಡಿಯಲೇ, ಗಂಡ್ಸಲ್ವೇನೋ" ಎನ್ನುವವನು ಆ ಮನೆಗೆ ಬೇಕಾದವನು. ಇಲ್ಲವೇ ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿ. ಇಲ್ಲವೇ ಚುನಾವಣೆಯಲ್ಲಿ ಬೈಕ್ ರ‍್ಯಾಲಿಗೆ ಹುಡುಗರನ್ನು ಕೂಡಿಸುವ ಊರಿನ ಪುಢಾರಿ. ಮತದಾನಕ್ಕೆ ಮುಂಚಿನ 48 ತಾಸು ಮದ್ಯದಂಗಡಿ ಮುಚ್ಚಿರಬೇಕು ಎಂಬುದು ಪ್ರಜಾಪ್ರತಿನಿಧಿ ಕಾಯ್ದೆಯ ನಿಯಮ. ಅಷ್ಟರೊಳಗೆ ಸರಕು ಎಲ್ಲಿ ಸೇರಬೇಕೋ ಅಲ್ಲಿ ಸೇರಿರುತ್ತದೆ. ಹಂಚುವಾಗ ಮತದಾರರ ಚೀಟಿ ನೋಡಬಹುದು, ಬಾವುಟ ಹಿಡಿದ ಹುಡುಗನ ಹುಟ್ಟಿದ ದಿನಾಂಕ ನೋಡುವವರಿಲ್ಲ.

ಇದಕ್ಕೆಲ್ಲ ನಾವು ನಗುತ್ತೇವೆ ಎಂಬುದೂ ಒಂದು ವಿಷಯ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನಿಂದ ಬಂದು ಮುಖ್ಯಮಂತ್ರಿಯಾದ ಜೆ.ಎಚ್. ಪಟೇಲರು ತಮ್ಮ ದೌರ್ಬಲ್ಯಗಳನ್ನು ಸಾರ್ವಜನಿಕವಾಗಿಯೇ ಒಪ್ಪಿಕೊಂಡು ತಮಾಷೆ ಮಾಡುತ್ತಿದ್ದವರು. 1997ರಲ್ಲಿ ಈ ಜಿಲ್ಲೆಯನ್ನು ಕಟ್ಟಿದವರೂ ಅವರೇ. ಪಟೇಲರ ನೇರವಂತಿಕೆ ಅಪರೂಪದ್ದು, ಅದನ್ನು ದೂರುವ ಅಗತ್ಯವಿಲ್ಲ. ಆದರೆ ಅವರ ಸಮಾಜವಾದ, ಅವರ ಓದು ಮರೆತವರಿಗೂ ಕುಡಿತದ ಜೋಕುಗಳು ಮಾತ್ರ ಬಾಯಿಪಾಠ. ಹೊನ್ನಾಳಿಯ ಎಂ.ಪಿ. ರೇಣುಕಾಚಾರ್ಯ ಶಾಸಕರಾಗಿ ರಾಜ್ಯದ ಅಬಕಾರಿ ಸಚಿವರೂ ಆಗಿದ್ದರು. ಅಬಕಾರಿ ಎಂಬುದು ಈ ಭಾಗದ ಜನಕ್ಕೆ ದೂರದ ವಿಧಾನಸೌಧದ ಇಲಾಖೆಯಲ್ಲ, ಪಕ್ಕದ ಮನೆಯ ವ್ಯವಹಾರ.

ಪೂರೈಕೆಯ ಇನ್ನೊಂದು ಕೊಂಡಿ ಕಿರಾಣಿ ಅಂಗಡಿ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಹೆಣ್ಣುಮಕ್ಕಳು ಪಟ್ಟ ಪಾಡಿಗೆ ಒಂದು ಉತ್ತರ ಸಿಕ್ಕಿತು ಅನ್ನಿಸಿತ್ತು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ ಬಂತು, 90 ಎಂ.ಎಲ್., 180 ಎಂ.ಎಲ್. ಟೆಟ್ರಾ ಪ್ಯಾಕಿನಲ್ಲಿ. ಒಡೆಯುವುದಿಲ್ಲ, ಸದ್ದು ಮಾಡುವುದಿಲ್ಲ, ಅಂಗಿಯ ಜೇಬಿನಲ್ಲಿ ಕೂರುತ್ತದೆ. ಪಟ್ಟಣದ ಅಂಗಡಿಯಿಂದ ಪೆಟ್ಟಿಗೆಗಟ್ಟಲೆ ಹಳ್ಳಿಗೆ ಬರುತ್ತದೆ. ಗೂಡಂಗಡಿಯಲ್ಲಿ ಬಿಸ್ಕತ್ ಡಬ್ಬಿಯ ಹಿಂದಿನಿಂದ ಹತ್ತಿಪ್ಪತ್ತು ರೂಪಾಯಿ ಜಾಸ್ತಿಗೆ ಕೈ ಬದಲಾಗುತ್ತದೆ. ವೈನ್ ಶಾಪಿನವನಿಗೆ ಪರವಾನಗಿ ಹೋಗುವ ಹೆದರಿಕೆಯಾದರೂ ಇದೆ. ಗೂಡಂಗಡಿಯವನಿಗೆ ಕಳೆದುಕೊಳ್ಳಲು ಪರವಾನಗಿಯೇ ಇಲ್ಲ, ಹಾಗಾಗಿ ವಯಸ್ಸು ಕೇಳುವ ಗೊಡವೆಯೂ ಇಲ್ಲ. ಚಾಕಲೇಟು ಕೊಳ್ಳಲು ಬರುವ ಮಗು ಇದನ್ನೂ ನೋಡುತ್ತಾ ಬೆಳೆಯುತ್ತದೆ. ಮದ್ಯದ ಮಾತು ಬಂದರೆ ತಾಂಡಾಗಳ ಕಡೆ ಬೆರಳು ತೋರಿಸುವ ಚಾಳಿ ಈ ಭಾಗದಲ್ಲಿ ಹಳೆಯದು. ಬಂಜಾರರು ದೇಶದ ಮೂಲೆಮೂಲೆಯಿಂದ ನಡೆದು ಬರುವ ಸಂತ ಸೇವಾಲಾಲರ ಕ್ಷೇತ್ರ ಸೂರಗೊಂಡನಕೊಪ್ಪ ಇರುವುದು ಇದೇ ನ್ಯಾಮತಿ ತಾಲ್ಲೂಕಿನಲ್ಲಿ. ಮದ್ಯ ಬಿಡಿ ಎಂದು ಬೋಧಿಸಿದವರೆಂದೇ ಸಮುದಾಯ ಅವರನ್ನು ನೆನೆಯುತ್ತದೆ. ಗೂಡಂಗಡಿಯ ಪ್ಯಾಕೆಟು ಯಾವ ತಾಂಡಾದಲ್ಲೂ ತಯಾರಾದದ್ದಲ್ಲ. ಸರ್ಕಾರದ್ದೇ ಆದ ಪಾನೀಯ ನಿಗಮದ ಡಿಪೋದಿಂದ ತೆರಿಗೆ ಕಟ್ಟಿ ಹೊರಟದ್ದು.

ಆ ತೆರಿಗೆ ಎಷ್ಟು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. 2025-26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಗುರಿ ಮುಟ್ಟಬೇಕಾದ ಇಲಾಖೆಯೇ ಹಳ್ಳಿಯ ಅಕ್ರಮ ಮಾರಾಟವನ್ನೂ ತಡೆಯಬೇಕು. ಒಂದೇ ಕೈಗೆ ಇಂಥ ಎರಡು ಕೆಲಸ ಕೊಟ್ಟರೆ ಯಾವುದು ಮೊದಲು ನಡೆಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಣ್ಣುಮಕ್ಕಳು ಜಗಳೂರಿನ ಪಕ್ಕದ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಹೋದರು. ಹೋದವರು ಹೆಚ್ಚಿನವರು ಕೂಲಿಕಾರರು, ಗಂಡನ ಕುಡಿತ ಸಾಕಾಗಿ ಮಗನ ಕುಡಿತಕ್ಕೆ ಹೆದರಿದವರು. ಸರ್ಕಾರ ಕೇಳಿಸಿಕೊಂಡಿತು, ಗುರಿ ಮಾತ್ರ ವರ್ಷ ವರ್ಷ ಏರುತ್ತಲೇ ಹೋಯಿತು.

ಇಷ್ಟಾದರೂ ದೊಡ್ಡವರ ಬಾಯಲ್ಲಿ ಒಂದು ಸಮರ್ಥನೆ ಸದಾ ಸಿದ್ಧ: "ಹೊರಗೆಲ್ಲೋ ಕುಡಿದು ಬೀಳೋದಕ್ಕಿಂತ ನಮ್ಮ ಕಣ್ಮುಂದೆ ಒಂದಿಷ್ಟು ಕುಡೀಲಿ ಬಿಡಿ." ಇದು ಕೆಟ್ಟವರ ಮಾತಲ್ಲ. ಮಗನನ್ನು ಕಳೆದುಕೊಳ್ಳುವ ಭಯದಿಂದಲೇ ಎಷ್ಟೋ ತಂದೆತಾಯಿ ಹೀಗೆ ಯೋಚಿಸುತ್ತಾರೆ. ದಾವಣಗೆರೆ, ಬೆಂಗಳೂರಿನ ಓದಿದ ಮನೆಗಳಲ್ಲಿ ಈ ವಾದ ಇನ್ನೂ ನಯವಾಗಿ ಬರುತ್ತದೆ, ಯುರೋಪಿನ ಉದಾಹರಣೆ ಸಮೇತ. ಹಾಗಾಗಿ ಇದನ್ನು ತಳ್ಳಿಹಾಕದೆ ಪರೀಕ್ಷೆಗೇ ಒಡ್ಡಬೇಕು. ಆಸ್ಟ್ರೇಲಿಯಾದಲ್ಲಿ ರಿಚರ್ಡ್ ಮ್ಯಾಟಿಕ್ ಮತ್ತು ಸಂಗಡಿಗರು 1,927 ಹದಿಹರೆಯದವರನ್ನೂ ಅವರ ತಂದೆತಾಯಿಯರನ್ನೂ 2010ರಿಂದ 2016ರವರೆಗೆ ಹಿಂಬಾಲಿಸಿ ನೋಡಿದರು. ಫಲಿತಾಂಶ 2018ರಲ್ಲಿ 'ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್' ಪತ್ರಿಕೆಯಲ್ಲಿ ಬಂತು. ಮನೆಯವರೇ ಮದ್ಯ ಕೊಟ್ಟ ಮಕ್ಕಳು ಮಿತವಾಗಿ ಕುಡಿಯಲು ಕಲಿತಿರಲಿಲ್ಲ. ಮನೆಯಲ್ಲಿ ಸಿಗದ ಮಕ್ಕಳಿಗಿಂತ ಹೊರಗಿನವರಿಂದಲೂ ಮದ್ಯ ಪಡೆಯುವ ಸಾಧ್ಯತೆ ಅವರಲ್ಲೇ ಹೆಚ್ಚಿತ್ತು. ಮನೆಯ ಲೋಟ ಹೊರಗಿನ ಲೋಟಕ್ಕೆ ಬದಲಿಯಾಗಿರಲಿಲ್ಲ, ಅದಕ್ಕೆ ಸೇರ್ಪಡೆಯಾಗಿತ್ತು. ಅಮೆರಿಕದಲ್ಲಿ ಗ್ರಾಂಟ್ ಮತ್ತು ಡಾಸನ್ 1997ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಖಾರವಾದದ್ದು. 15 ತುಂಬುವ ಮೊದಲೇ ಕುಡಿಯಲು ಶುರು ಮಾಡಿದವರಲ್ಲಿ ಸುಮಾರು ಶೇ 40 ಜನ ಜೀವನದ ಯಾವುದೋ ಘಟ್ಟದಲ್ಲಿ ಮದ್ಯವ್ಯಸನಿಗಳಾಗಿದ್ದರು. 20 ದಾಟಿ ಶುರು ಮಾಡಿದವರಲ್ಲಿ ಆ ಪ್ರಮಾಣ ಸುಮಾರು ಶೇ 10. ಬೇಗ ಶುರು ಮಾಡಿದ್ದೊಂದೇ ಅದಕ್ಕೆ ಕಾರಣ ಎನ್ನಲಾಗದು. ಮನೆಯ ವಾತಾವರಣ, ಹುಟ್ಟಿನಿಂದ ಬಂದ ಗುಣ ಎಲ್ಲವೂ ಸೇರಿರುತ್ತವೆ. ಆದರೆ ಮಾವ ಚಾಚುವ ಲೋಟ ನಿರುಪದ್ರವಿ ಎಂದು ಹೇಳಿಕೊಳ್ಳಲು ಇದರಲ್ಲಿ ಜಾಗವಿಲ್ಲ.

ಇನ್ನೊಂದು ವಾದ ಸ್ವಲ್ಪ ಗಟ್ಟಿಯಾದದ್ದು. ಹದಿನೆಂಟಕ್ಕೆ ಮತ ಹಾಕಬಹುದು, ಸೈನ್ಯ ಸೇರಬಹುದು, ಕುಡಿಯುವಂತಿಲ್ಲವೇ? ಹದಿನೆಂಟರಿಂದ ಇಪ್ಪತ್ತೊಂದರ ನಡುವಿನವರ ವಿಷಯದಲ್ಲಿ ಇದಕ್ಕೆ ಸುಲಭದ ಉತ್ತರವಿಲ್ಲ. ಕಾನೂನೂ ಅಲ್ಲಿ ತೊದಲುತ್ತದೆ: ಹತ್ತೊಂಬತ್ತರವನಿಗೆ ಅಂಗಡಿಯವನು ಮಾರಿದರೆ ನಿಯಮ ಉಲ್ಲಂಘನೆ, ಗೆಳೆಯ ಕೊಟ್ಟರೆ ಬಾಲನ್ಯಾಯ ಕಾಯ್ದೆ ಅನ್ವಯಿಸುವುದಿಲ್ಲ. ಈ ವಯಸ್ಸಿನ ಜಗಳ ಹೇಗೆ ಬೇಕಾದರೂ ತೀರ್ಮಾನವಾಗಲಿ, ಹದಿನೈದರ ಹುಡುಗನ ಕೈಗೆ ಪ್ಯಾಕೆಟ್ ಕೊಡುವುದಕ್ಕೆ ಅದು ನೆವವಾಗದು.

ಗೆಳೆಯರ ವಿಷಯವನ್ನು ಬೇರೆಯಾಗಿಯೇ ತೂಗಬೇಕು. ಪಿಯುಸಿಯ ಹುಡುಗನಿಗೆ ತಂದುಕೊಡುವವನು ಬಹಳ ಸಲ ಐಟಿಐ ಓದುವ, ಇಲ್ಲವೇ ಓದು ಬಿಟ್ಟು ಗಾರೆ ಕೆಲಸಕ್ಕೆ ಹೋಗುವ ಅದೇ ಓಣಿಯ ಹತ್ತೊಂಬತ್ತರ ಹುಡುಗ. ನಿನ್ನೆಯವರೆಗೆ ಅವನೂ ಬೈಕಿನ ಪಕ್ಕ ಕಾದವನೇ. ಅವನಿಗೂ ಬಿಸ್ಕತ್ ಡಬ್ಬಿಯ ಹಿಂದೆ ದಂಧೆ ಮಾಡುವವನಿಗೂ, ಪುಢಾರಿಗೂ ಒಂದೇ ಏಳು ವರ್ಷದ ಕಲಂ ತೋರಿಸುವುದು ನ್ಯಾಯವಲ್ಲ, ನಡೆಯುವ ಮಾತೂ ಅಲ್ಲ. ಶಿಕ್ಷೆ ಅಷ್ಟು ಭಾರಿಯಾದಾಗ ಪೊಲೀಸರೂ ಹಿಂಜರಿಯುತ್ತಾರೆ, ಊರವರೂ "ಹೋಗ್ಲಿ ಬಿಡಿ, ಹುಡುಗನ ಬಾಳು ಹಾಳಾಗುತ್ತೆ" ಎಂದು ಕೈಬಿಡುತ್ತಾರೆ. ಹುಡುಗ ಗೆಳೆಯನಿಗೆ ಮೊದಲ ಸಲ ದಂಡ, ಆಪ್ತಸಮಾಲೋಚನೆ. ಲಾಭಕ್ಕೆ ಮಾರುವವನಿಗೂ ದುಡಿಸಿಕೊಂಡು ಕುಡಿಸುವವನಿಗೂ ಕಠಿಣ ಸಜೆ. ಹೀಗೆ ಮೆಟ್ಟಿಲು ಮಾಡಿದರೆ ಕಲಂ ಬಳಕೆಗಾದರೂ ಬಂದೀತು. ಈಗ ಅದು ನೆನಪಾಗುವುದು ಹೆಣ ಬಿದ್ದ ಮೇಲೆ. 2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ 17ರ ಹುಡುಗ ಓಡಿಸುತ್ತಿದ್ದ ಪೋರ್ಷೆ ಕಾರು ಇಬ್ಬರು ಎಂಜಿನಿಯರುಗಳನ್ನು ಬಲಿ ತೆಗೆದುಕೊಂಡಿತು. ಆಮೇಲೆ ಅವನಿಗೆ ಮದ್ಯ ಕೊಟ್ಟ ಬಾರಿನವರನ್ನೂ ಕಾರು ಕೊಟ್ಟ ಅಪ್ಪನನ್ನೂ ಬಂಧಿಸಿದರು. ಹುಡುಗನಿಗೆ 300 ಪದಗಳ ಪ್ರಬಂಧ ಬರೆಯಲು ಹೇಳಿದ್ದು ದೇಶಕ್ಕೆಲ್ಲ ಗೊತ್ತು. ಕೋಪವೆಲ್ಲ ಆ ಪ್ರಬಂಧದ ಮೇಲೆ ಸುರಿಯಿತು. ಬಾರಿನಲ್ಲಿ ಆ ರಾತ್ರಿ ಯಾರೂ ವಯಸ್ಸು ಕೇಳಲಿಲ್ಲವೇಕೆ ಎಂಬ ಪ್ರಶ್ನೆ ಬೇಗ ತಣ್ಣಗಾಯಿತು.

ಕಾನೂನಿನ ಆಚೆ ಏನಾದರೂ ಕೆಲಸ ಮಾಡಿದ್ದುಂಟೇ? ಐಸ್‌ಲ್ಯಾಂಡಿನಲ್ಲಿ ಮಾಡಿದೆ. 1998ರಲ್ಲಿ ಅಲ್ಲಿನ 15-16ರ ಮಕ್ಕಳಲ್ಲಿ ಶೇ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದೆವು ಎಂದಿದ್ದರು. 2016ರ ಹೊತ್ತಿಗೆ ಅದು ಶೇ 5ಕ್ಕೆ ಇಳಿದಿತ್ತು. ಅವರು ಮಾಡಿದ್ದರಲ್ಲಿ ಆಟದ ಮೈದಾನ, ಸಂಗೀತ ತರಗತಿಗೆ ಸರ್ಕಾರದ ಹಣವೂ ಇತ್ತು. ಅದರ ಜೊತೆ ಒಂದು ಸರಳ ಕ್ರಮ: ಒಂದೇ ಶಾಲೆಯ ಮಕ್ಕಳ ತಂದೆತಾಯಿಯರೆಲ್ಲ ಕೂತು, ಯಾರ ಮಗುವಿಗೂ ಮದ್ಯ ಕೊಂಡುಕೊಡುವುದಿಲ್ಲ ಎಂದು ಬರೆದು ಸಹಿ ಹಾಕುವುದು. ಒಂದು ಮನೆ ಬೇಡ ಎಂದು ಪಕ್ಕದ ಮನೆ ಬೇಕು ಎಂದರೆ ಏನೂ ಉಪಯೋಗವಿಲ್ಲವೆಂದು ಅವರಿಗೆ ಗೊತ್ತಾಗಿತ್ತು.

ಕೂತು ತೀರ್ಮಾನ ಮಾಡುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ದೈವದವರು ಸೇರಿ ಊರಲ್ಲಿ ಮದ್ಯ ಮಾರಿದರೆ ಇಷ್ಟು ದಂಡ ಎಂದು ಗುಡಿಯ ಮುಂದೆ ಸಾರಿದ ಸುದ್ದಿ ಆಗಾಗ ಬರುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಈ ಜಿಲ್ಲೆಯಲ್ಲೂ ನಡೆಯುತ್ತವೆ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಯಲ್ಲಿ ದುಶ್ಚಟದ ಭಿಕ್ಷೆ ಬೇಡಿದ್ದನ್ನು ನೆನೆದು ಸರ್ಕಾರ ಅವರ ಜನ್ಮದಿನವಾದ ಆಗಸ್ಟ್ 1ನ್ನು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಎಲ್ಲ ಒಳ್ಳೆಯ ಕೆಲಸಗಳೇ. ಆದರೆ ಇವೆಲ್ಲ ಕುಡಿಯುವವನನ್ನು ಉದ್ದೇಶಿಸಿದವು. ನೀನು ಬಿಡು ಎನ್ನುತ್ತವೆ. ನೀನು ಕುಡಿದರೂ ಮಕ್ಕಳಿಗೆ ತಂದುಕೊಡಬೇಡ ಎಂದು ದೊಡ್ಡವರಿಂದ ಪ್ರಮಾಣ ಮಾಡಿಸುವ ಶಿಬಿರ ಇನ್ನೂ ಬಂದಿಲ್ಲ. ಇದು ಮದ್ಯ ಬಿಡುವುದಕ್ಕಿಂತ ಎಷ್ಟೋ ಸುಲಭದ ಬೇಡಿಕೆ, ಕುಡಿಯುವವನೂ ತಲೆಯಾಡಿಸಬಹುದಾದದ್ದು.

ಹೊಸ ಸಮಿತಿ, ಹೊಸ ಯೋಜನೆ ಬೇಕಿಲ್ಲ. ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಸಬೇಕೆಂಬ ಸರ್ಕಾರಿ ಆದೇಶ ಈಗಾಗಲೇ ಇದೆ. ಮಕ್ಕಳು ಅಲ್ಲಿ ಶೌಚಾಲಯ, ಬಸ್ಸು, ಕುಡಿಯುವ ನೀರು ಕೇಳುತ್ತಾರೆ. ಶಾಲೆಯ ಜಗಲಿಯಲ್ಲಿ ಬೀಳುವ ಪ್ಯಾಕೆಟುಗಳ ಮಾತನ್ನೂ ಎತ್ತುತ್ತಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಪಂಚಾಯಿತಿ ಸದಸ್ಯರು ಈ ಸಲ ಒಂದು ಕೆಲಸ ಮಾಡಲಿ. ಆ ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆಸಲಿ, ಯಾವ ಗೂಡಂಗಡಿ ಎಂಬುದನ್ನೂ ಸೇರಿಸಿ. ಅದರ ನಕಲನ್ನು ತಾಲ್ಲೂಕಿನ ಅಬಕಾರಿ ಕಚೇರಿಗೂ ಪೊಲೀಸ್ ಠಾಣೆಗೂ ಕಳಿಸಲಿ. ಹೆಸರು ಹೇಳಲು ಅಂಜುವ ಮಕ್ಕಳಿಗೆ 1098 ಎಂಬ ಮಕ್ಕಳ ಸಹಾಯವಾಣಿ ಇದೆ ಎಂದು ಶಾಲೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಲಿ. ಮುಂದಿನ ವರ್ಷದ ಸಭೆಯಲ್ಲಿ ಮೊದಲು ಓದಬೇಕಾದದ್ದು, ಆ ಎರಡು ಕಚೇರಿಗಳು ಕೊಟ್ಟ ಉತ್ತರ.